ಒಂದು ಆಣೆಯ ಊಟ: ಮದರಾಸಿನ ಬಜೆಟ್ಟೂ ಹೆಣ್ಣುಮಕ್ಕಳ ಲೆಕ್ಕವೂ

ಅಡ್ಯಾರಿನ ಸರ್ದಾರ್ ಪಟೇಲ್ ರಸ್ತೆಯಲ್ಲಿ ದಿನಾ ಓಡಾಡುವ ನಮಗೆಲ್ಲ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಗೊತ್ತು. ಅದರ ಹೆಸರಿನ ಜೊತೆಗೆ ಡಬ್ಲ್ಯುಐಎ ಎಂಬ ಮೂರು ಅಕ್ಷರಗಳು ಇರುವುದನ್ನು ಗಮನಿಸಿದವರು ಮಾತ್ರ ಕಡಿಮೆ. ಅದರ ಪೂರ್ಣರೂಪ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್. 1917ರ ಮೇ 8ರಂದು ಇದೇ ಅಡ್ಯಾರಿನಲ್ಲಿ ಆನಿ ಬೆಸೆಂಟ್, ಮಾರ್ಗರೆಟ್ ಕಸಿನ್ಸ್, ಡೊರೊಥಿ ಜಿನರಾಜದಾಸ ಮೊದಲಾದವರು ಸೇರಿ ಕಟ್ಟಿದ ಮಹಿಳಾ ಸಂಘ ಅದು. ಒಂದು ಮಹಿಳಾ ಸಂಘದ ಹೆಸರು ಇಷ್ಟು ದೊಡ್ಡ ಆಸ್ಪತ್ರೆಯ ಮೇಲೆ ಹೇಗೆ ಬಂತು ಎಂದು ಹುಡುಕುತ್ತಾ ಹೋದವಳು ನಾನು, ಕೊನೆಗೆ ಮುಟ್ಟಿದ್ದು ಬಜೆಟ್ ಎಂಬ ವಿಷಯವನ್ನು.

ಬಜೆಟ್ ಎಂದ ತಕ್ಷಣ ಈ ಪುಟವನ್ನು ದಾಟಿ ಅಡುಗೆ ಅಂಕಣಕ್ಕೆ ಹೋಗಬೇಡಿ ಗೆಳತಿಯರೇ! ಮನೆಯ ತಿಂಗಳ ಖರ್ಚನ್ನು ತೂಗಿಸುವವರಿಗೆ ಸರ್ಕಾರದ ಬಜೆಟ್ ಅರ್ಥವಾಗದಂಥ ವಿಷಯವೇನಲ್ಲ. ಕನ್ನಡದಲ್ಲಿ ಅದಕ್ಕೆ ಆಯವ್ಯಯ ಎಂಬ ಒಳ್ಳೆಯ ಹೆಸರಿದೆ. ಆಯ ಎಂದರೆ ಬರುವುದು, ವ್ಯಯ ಎಂದರೆ ಹೋಗುವುದು. ನೂರು ವರ್ಷಗಳ ಮದರಾಸಿನ ಕಥೆಯನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಹೆಣ್ಣುಮಕ್ಕಳು ಹೋರಾಡಿ ವ್ಯಯದ ಪಟ್ಟಿಯೊಳಗೆ ಬಂದರು, ಆದರೆ ಆಯದ ಪಟ್ಟಿಯನ್ನು ನಮ್ಮ ಮುಂದೆ ಯಾರೂ ಇಡಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ಜಿಲ್ಲೆಗಳ ಲೆಕ್ಕ ಇಲ್ಲೇ ಆಗುತ್ತಿತ್ತು

ಇದು ತಮಿಳುನಾಡಿನ ಕಥೆ, ನಮಗೇನು ಎಂದುಕೊಳ್ಳಬೇಡಿ. 1956ರ ನವೆಂಬರ್ 1ರವರೆಗೆ ಕಾಸರಗೋಡೂ ಸೇರಿದಂತೆ ಇಡೀ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿತ್ತು. ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದ ಕೊಳ್ಳೇಗಾಲವೂ ಹಾಗೆಯೇ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಇಲ್ಲೇ ಇತ್ತು. ಕುಂದಾಪುರದ ಶಾಲೆಗೆ ಮೇಷ್ಟ್ರು ಬೇಕೆಂದರೂ, ಹೊಸಪೇಟೆಯ ಆಸ್ಪತ್ರೆಗೆ ಔಷಧ ಬೇಕೆಂದರೂ ಹಣ ಮಂಜೂರಾಗಬೇಕಿದ್ದದ್ದು ಈ ಊರಿನ ಸೇಂಟ್ ಜಾರ್ಜ್ ಕೋಟೆಯಿಂದ. ನನ್ನ ಅಮ್ಮಮ್ಮ ಕುಂದಾಪುರದ ಕಡೆಯವರು. ಸರ್ಕಾರ ಎಂಬ ಪದವನ್ನು ಅವರು ಬಿಡಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ, 'ಮದ್ರಾಸು ಸರ್ಕಾರ' ಎಂದೇ ಹೇಳುತ್ತಿದ್ದರು. ನಾನು ಕೆಲಸ ಸಿಕ್ಕಿ ಚೆನ್ನೈಗೆ ಹೊರಟಾಗ ಮನೆಯವರಿಗೆಲ್ಲ ಅದು ಪರ ಊರು. ಅವರಿಗೆ ಮಾತ್ರ ಹಳೆಯ ರಾಜಧಾನಿ.

ಆ ಸರ್ಕಾರದ ಪೆಟ್ಟಿಗೆ ಹೇಗಿತ್ತು? 1919ರ ಸುಧಾರಣೆಯ ನಂತರ ಪ್ರಾಂತಗಳಲ್ಲಿ ಎರಡು ಬಗೆಯ ಆಡಳಿತ ಬಂತು. ಪೊಲೀಸ್, ಭೂಕಂದಾಯ, ಹಣಕಾಸು ಇವೆಲ್ಲ ಗವರ್ನರ್ ಮತ್ತು ಅವರ ಕಾರ್ಯಕಾರಿ ಸಭೆಯ ಕೈಯಲ್ಲಿ. ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆಗಳು, ಅಬಕಾರಿ ಇವು ಭಾರತೀಯ ಮಂತ್ರಿಗಳ ಕೈಯಲ್ಲಿ. ಅಂದರೆ ಖರ್ಚು ಬೆಳೆಯುತ್ತಲೇ ಹೋಗುವ ಇಲಾಖೆಗಳು ಮಂತ್ರಿಗಳಿಗೆ, ಹಣದ ಬೀಗದ ಕೈ ಗವರ್ನರ್ ಕಡೆಯವರಿಗೆ. ಕೂಡುಕುಟುಂಬದಲ್ಲಿ ಸೊಸೆಗೆ ಅಡುಗೆಮನೆ ಒಪ್ಪಿಸಿ ಉಗ್ರಾಣದ ಬೀಗವನ್ನು ಬೇರೆಯವರು ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ.

ಅದರ ಮೇಲೆ ಇನ್ನೊಂದು ಹೊರೆ. ಮೆಸ್ಟನ್ ಸಮಿತಿಯ ತೀರ್ಮಾನದಂತೆ ಪ್ರಾಂತಗಳು ಕೇಂದ್ರಕ್ಕೆ ವರ್ಷವರ್ಷ ಕಪ್ಪದಂತೆ ಹಣ ಕಟ್ಟಬೇಕಿತ್ತು. ಎಲ್ಲ ಪ್ರಾಂತಗಳೂ ಸೇರಿ ಕೊಡಬೇಕಿದ್ದ 9.83 ಕೋಟಿ ರೂಪಾಯಿಯಲ್ಲಿ ಮದರಾಸೊಂದರ ಪಾಲೇ 3.48 ಕೋಟಿ. ಬೇರೆ ಯಾವ ಪ್ರಾಂತದ ಮೇಲೂ ಇಷ್ಟು ಭಾರ ಇರಲಿಲ್ಲ. 1920ರ ದಶಕದ ಕೊನೆಯಲ್ಲಷ್ಟೇ ಈ ಹೊರೆ ಪೂರ್ತಿ ಇಳಿಯಿತು. ಅಲ್ಲಿಯವರೆಗೆ ಶಾಲೆಗೆ, ಹೆರಿಗೆ ಆಸ್ಪತ್ರೆಗೆ ಹಣ ಕೇಳಿದರೆ 'ಇಲ್ಲ' ಎನ್ನಲು ಕಾರಣ ಸಿದ್ಧವಾಗಿತ್ತು.

ಒಂದು ಆಣೆಗೆ ಶೀರ್ಷಿಕೆ ಸಿಗಲಿಲ್ಲ

ಈ ಕಾಲದ ಒಂದು ಪುಟ್ಟ ಘಟನೆ ನನ್ನನ್ನು ಬಹಳ ಕಾಡಿತು.

1920ರಲ್ಲಿ ಮದರಾಸು ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದವರು ಪಿ. ತ್ಯಾಗರಾಯ ಚೆಟ್ಟಿ. ಈಗ ನಾವು ಸೀರೆ ಕೊಳ್ಳಲು ಹೋಗುವ ಟಿ. ನಗರ ಇವರ ಹೆಸರಿನದೇ. ಕಾರ್ಪೊರೇಷನ್ ಶಾಲೆಗಳಿಗೆ ಬಡ ಮಕ್ಕಳು ಬರುತ್ತಿರಲಿಲ್ಲ, ಬಂದವರೂ ಹಸಿವಿನಿಂದ ನಿಲ್ಲುತ್ತಿರಲಿಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಒಂದು ನಿರ್ಣಯ ಮಾಡಿತು: ಥೌಸಂಡ್ ಲೈಟ್ಸ್ ಶಾಲೆಯ ಮಕ್ಕಳಿಗೆ ದಿನಕ್ಕೆ ಒಂದು ಆಣೆ ಮೀರದಂತೆ ಮಧ್ಯಾಹ್ನದ ಉಪಾಹಾರ ಕೊಡುವುದು. ಒಂದು ಆಣೆ ಎಂದರೆ ರೂಪಾಯಿಯ ಹದಿನಾರನೆಯ ಒಂದು ಪಾಲು. ಮುಂದೆ ಇನ್ನೂ ನಾಲ್ಕು ಶಾಲೆಗಳಿಗೆ ಇದನ್ನು ಹಬ್ಬಿಸಿದರು. ಈ ಐದು ಶಾಲೆಗಳಲ್ಲಿ 1922–23ರಲ್ಲಿ 811 ಇದ್ದ ಮಕ್ಕಳ ಸಂಖ್ಯೆ 1924–25ಕ್ಕೆ 1,671 ಆಯಿತು. ಎರಡೇ ವರ್ಷದಲ್ಲಿ ದುಪ್ಪಟ್ಟು!

ಆಮೇಲೆ ಆದದ್ದು ಕೇಳಿ. 1925ರ ಏಪ್ರಿಲ್ 1ರಿಂದ ಊಟ ನಿಂತಿತು. ಅಕ್ಕಿಗೆ ಬರ ಬಂದದ್ದಲ್ಲ, ಮಕ್ಕಳು ಬೇಡ ಎಂದದ್ದೂ ಅಲ್ಲ. ಪ್ರಾಥಮಿಕ ಶಿಕ್ಷಣಕ್ಕೆಂದು ಇಟ್ಟಿರುವ ನಿಧಿಯಿಂದ ಊಟದ ಖರ್ಚು ಮಾಡುವಂತಿಲ್ಲ ಎಂದು ಸರ್ಕಾರ ತಡೆಯಿತು. ಪಾಠ ಶಿಕ್ಷಣದ ಖರ್ಚು, ಅನ್ನ ಶಿಕ್ಷಣದ ಖರ್ಚಲ್ಲ!

ನಮ್ಮ ಐಟಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಟೈಮ್‌ಶೀಟ್‌ನಲ್ಲಿ ಯಾವ ಕೆಲಸಕ್ಕೆ ಕೋಡ್ ಇಲ್ಲವೋ ಆ ಕೆಲಸ ಮಾಡಿದರೂ ಮಾಡಿದಂತಲ್ಲ. ಪ್ರಾಜೆಕ್ಟ್ ಉಳಿಯುವುದಕ್ಕೆ ಅದೇ ಮುಖ್ಯ ಕೆಲಸವಾಗಿದ್ದರೂ ಅಷ್ಟೆ. ಸರ್ಕಾರದಲ್ಲಿಯೂ ಹಾಗೆ. ಪ್ರತಿ ಖರ್ಚಿಗೂ ಒಂದು ಲೆಕ್ಕ ಶೀರ್ಷಿಕೆ ಬೇಕು, ಅದಕ್ಕೊಂದು ಅಂಕಿ ಬೇಕು. ಮಗುವಿನ ಹಸಿವಿಗೆ ಅಂಥ ಶೀರ್ಷಿಕೆ 1925ರಲ್ಲಿ ಇರಲಿಲ್ಲ. ಮನೆಯಲ್ಲಿ ಇಂಥ ತಪ್ಪನ್ನು ಯಾವ ತಾಯಿಯೂ ಮಾಡುವುದಿಲ್ಲ. ಮಗುವಿನ ಫೀಸಿನ ಡಬ್ಬಿ ಬೇರೆ, ಅಕ್ಕಿಯ ಡಬ್ಬಿ ಬೇರೆ ಎಂದು ಹಸಿದ ಮಗುವನ್ನು ಶಾಲೆಗೆ ಅಟ್ಟುವವರು ಉಂಟೇ? ಆದರೆ ತಾಯಂದಿರು ಆ ನಿರ್ಧಾರ ಮಾಡುವ ಕೋಣೆಯಲ್ಲಿ ಇರಲಿಲ್ಲ.

ಸಭೆಯೊಳಗೆ ಒಬ್ಬರೇ

ಆ ಕೋಣೆಯ ಬಾಗಿಲು ತಟ್ಟಿದವರು ಅಡ್ಯಾರಿನ ಈ ಸಂಘದವರು. 1917ರ ಡಿಸೆಂಬರ್‌ನಲ್ಲಿ ಭಾರತ ಸಚಿವ ಮಾಂಟೆಗು ಮದರಾಸಿಗೆ ಬಂದಾಗ ಸರೋಜಿನಿ ನಾಯ್ಡು ನೇತೃತ್ವದಲ್ಲಿ ಮಹಿಳೆಯರ ನಿಯೋಗ ಅವರನ್ನು ಕಂಡು ಮತದ ಹಕ್ಕು ಕೇಳಿತು. ಲಂಡನ್ನಿನವರು ನೇರವಾಗಿ ಕೊಡಲಿಲ್ಲ, ಆಯಾ ಪ್ರಾಂತಗಳ ಸಭೆಯೇ ನಿರ್ಧರಿಸಲಿ ಎಂದು ಬಿಟ್ಟರು. 1921ರ ಏಪ್ರಿಲ್ 1ರಂದು ಮದರಾಸಿನ ಶಾಸನ ಪರಿಷತ್ತು ಒಪ್ಪಿತು. ಬ್ರಿಟಿಷ್ ಭಾರತದ ಪ್ರಾಂತಗಳಲ್ಲಿ ಇದೇ ಮೊದಲು. ಆಸ್ತಿ, ತೆರಿಗೆಯ ಅರ್ಹತೆ ಇದ್ದವರಿಗಷ್ಟೇ ಮತ ಇದ್ದ ಕಾಲ ಅದು. ಹಾಗಾಗಿ ಮತ ಹಾಕಲು ಸಾಧ್ಯವಾದ ಹೆಂಗಸರು ಬೆರಳೆಣಿಕೆಯಷ್ಟೇ ಎನ್ನಿ. ಆದರೂ ಬಾಗಿಲು ಸ್ವಲ್ಪ ತೆರೆಯಿತು.

ಮಾರ್ಗರೆಟ್ ಕಸಿನ್ಸ್ ಐರ್ಲೆಂಡಿನವರು, ನಮ್ಮ ಕರಾವಳಿಗೂ ಪರಿಚಿತರು. 1919–20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಗೆ ಮೊದಲ ಮುಖ್ಯಸ್ಥೆ ಅವರೇ. 1926ರಲ್ಲಿ ಮಹಿಳೆಯರು ಚುನಾವಣೆಗೆ ನಿಲ್ಲಬಹುದು ಎಂದಾದಾಗ ಅವರು ಮಂಗಳೂರಿನವರೇ ಆದ 23 ವರ್ಷದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಒತ್ತಾಯಿಸಿ ನಿಲ್ಲಿಸಿದರು. ಪ್ರಚಾರಕ್ಕೆ ಸಿಕ್ಕದ್ದು ಕೆಲವೇ ದಿನ. ಬಹಳ ಕಡಿಮೆ ಮತಗಳಿಂದ ಅವರು ಸೋತರು. ಈ ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆಯರ ಪಂಕ್ತಿಯಲ್ಲಿ ಕನ್ನಡ ನಾಡಿನ ಹೆಣ್ಣುಮಗಳ ಹೆಸರಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಗೆದ್ದು ಬರುವ ದಾರಿ ಮುಚ್ಚಿದಾಗ ನಾಮಕರಣದ ದಾರಿ ತೆರೆಯಿತು. ಮಹಿಳಾ ಸಂಘದ ಒತ್ತಾಯದಿಂದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ಪರಿಷತ್ತಿಗೆ ನಾಮಕರಣ ಮಾಡಲಾಯಿತು. 1886ರಲ್ಲಿ ಪುದುಕ್ಕೋಟೆಯಲ್ಲಿ ಹುಟ್ಟಿ, 1912ರಲ್ಲಿ ಮದರಾಸಿನಲ್ಲಿ ವೈದ್ಯಕೀಯ ಪದವಿ ಪಡೆದವರು. ಬ್ರಿಟಿಷ್ ಭಾರತದ ಮೊದಲ ಮಹಿಳಾ ಶಾಸಕಿ. 1927ರಲ್ಲಿ ಅವರನ್ನು ಸಭೆ ಉಪಾಧ್ಯಕ್ಷರನ್ನಾಗಿ ಆರಿಸಿತು. ನೂರಕ್ಕೂ ಹೆಚ್ಚು ಗಂಡಸರ ನಡುವೆ ಒಬ್ಬರೇ ಹೆಂಗಸು.

ಅವರ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ದೇವದಾಸಿ ಪದ್ಧತಿಯ ವಿರುದ್ಧದ ಹೋರಾಟ. ಅದು ದೊಡ್ಡದೇ. ನನಗೆ ಮಾತ್ರ ಅವರ ಸಣ್ಣ ಬೇಡಿಕೆಗಳ ಮೇಲೆ ಕಣ್ಣು ಹೋಯಿತು. ಶಾಲಾಮಕ್ಕಳಿಗೆ ವೈದ್ಯಕೀಯ ತಪಾಸಣೆ ಬೇಕು. ಹೆಂಗಸರಿಗೂ ಮಕ್ಕಳಿಗೂ ಪ್ರತ್ಯೇಕ ಆಸ್ಪತ್ರೆ ಬೇಕು. ಹೆಣ್ಣುಮಕ್ಕಳ ಓದಿಗೆ ಹೆಚ್ಚು ಹಣ ಬೇಕು. ಆಸ್ಪತ್ರೆಯ ಬೇಡಿಕೆಯ ಫಲವಾಗಿ ಸರ್ಕಾರ ಹೆರಿಗೆ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ ತೆರೆಯಿತು. ಇವು ಭಾಷಣದ ವಿಷಯಗಳಲ್ಲ, ಲೆಕ್ಕ ಶೀರ್ಷಿಕೆಯ ವಿಷಯಗಳು. ವೈದ್ಯೆಯಾಗಿ ಅವರು ಹೆರಿಗೆ ಕೋಣೆಯಲ್ಲಿ ಕಂಡದ್ದನ್ನು ಸಭೆಯಲ್ಲಿ ಅಂಕಿಯಾಗಿ ಕೇಳಿದರು.

ಇಲ್ಲಿ ಒಂದು ನಿಯಮ ತಿಳಿದಿರಬೇಕು. ಬಜೆಟ್ಟಿನಲ್ಲಿ ಸದಸ್ಯರು 'ಇದಕ್ಕೆ ಹೆಚ್ಚು ಕೊಡಿ' ಎಂದು ಅಂಕಿಯನ್ನು ತಾವೇ ಏರಿಸುವಂತಿಲ್ಲ. ಇಳಿಸಬಹುದು ಅಷ್ಟೆ. ಅದಕ್ಕಾಗಿ ಒಂದು ಇಲಾಖೆಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿತ ಮಾಡಿ ಎಂದು ಸೂಚನೆ ಕೊಟ್ಟು, ಆ ನೆಪದಲ್ಲಿ ಇಡೀ ಇಲಾಖೆಯ ಹುಳುಕನ್ನು ಹೇಳುವ ಪದ್ಧತಿ ಬಂತು. ಇವತ್ತಿಗೂ ವಿಧಾನಸಭೆಗಳಲ್ಲಿ ಕಡಿತ ಸೂಚನೆ ಎಂದು ಇದು ಬಳಕೆಯಲ್ಲಿದೆ. ಖರ್ಚು ಹೆಚ್ಚಿಸಬೇಕು ಎನ್ನುವವರೂ ಕಡಿಮೆ ಮಾಡಿ ಎಂದೇ ಮಾತು ಶುರು ಮಾಡಬೇಕು!

1930ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿ ರೆಡ್ಡಿ ರಾಜೀನಾಮೆ ಕೊಟ್ಟು ಹೊರಬಂದರು. ಸರ್ಕಾರದ ಪಟ್ಟಿಗೆ ಕಾಯದೆ ತಾವೇ ಅವ್ವೈ ಹೋಮ್ ಕಟ್ಟಿದರು, ಅದು ಮುಂದೆ ಅಡ್ಯಾರಿನಲ್ಲಿ ನೆಲೆನಿಂತಿತು. 1923ರಲ್ಲಿ ತಮ್ಮ ತಂಗಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ನೋವು ಅವರಲ್ಲಿತ್ತು. ಮಹಿಳಾ ಸಂಘದ ಮೂಲಕ ನಿಧಿ ಕೂಡಿಸಿದರು. 1952ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. 1954ರ ಜೂನ್ 18ರಂದು 12 ಹಾಸಿಗೆಗಳ ಆಸ್ಪತ್ರೆ ಶುರುವಾಯಿತು. ಆಗ ರಾಜ್ಯದ ಆರೋಗ್ಯ ಖಾತೆ ನಮ್ಮ ಮಂಗಳೂರಿನ ಎ. ಬಿ. ಶೆಟ್ಟಿಯವರ ಕೈಯಲ್ಲಿತ್ತು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಡಬ್ಲ್ಯುಐಎ ಎಂಬ ಆ ಮೂರು ಅಕ್ಷರಗಳ ಹಿಂದಿನ ಕಥೆ ಇದು.

ಹೆಂಡದ ದುಡ್ಡು, ಶಾಲೆಯ ಖರ್ಚು

ಇಷ್ಟು ಹೊತ್ತು ವ್ಯಯದ ಮಾತಾಯಿತು. ಈಗ ಆಯಕ್ಕೆ ಬರೋಣ.

ಮದರಾಸು ಸರ್ಕಾರದ ಆದಾಯಕ್ಕೆ ಎರಡು ದೊಡ್ಡ ಕಂಬಗಳು. ಒಂದು ಭೂಕಂದಾಯ, ಇನ್ನೊಂದು ಅಬಕಾರಿ. ಹೆಂಡ, ಸಾರಾಯಿ ಅಂಗಡಿಗಳ ಹರಾಜಿನಿಂದ ಮತ್ತು ಸುಂಕದಿಂದ ಬರುತ್ತಿದ್ದ ಹಣ. ನಾನು ಮೇಲೆ ಹೇಳಿದ ಎರಡು ಬಗೆಯ ಆಡಳಿತದಲ್ಲಿ ಅಬಕಾರಿಯನ್ನೂ ಶಿಕ್ಷಣವನ್ನೂ ಮಂತ್ರಿಗಳ ಕೈಗೇ ಕೊಟ್ಟಿದ್ದರು. ಹೆಚ್ಚು ಶಾಲೆ ತೆರೆಯಬೇಕೆಂದರೆ ಹೆಚ್ಚು ಹೆಂಡ ಮಾರಬೇಕು. ಹೆಂಡ ನಿಲ್ಲಿಸಿದರೆ ಶಾಲೆ ಮುಚ್ಚಬೇಕು. ಅಪ್ಪ ಕುಡಿದದ್ದರಲ್ಲಿ ಒಂದು ಪಾಲು ಸುತ್ತಿ ಬಂದು ಮಗಳ ಸ್ಲೇಟಾಗುವ ವ್ಯವಸ್ಥೆ. ನಡುವೆ ಅಮ್ಮನ ಮೈಮೇಲೆ ಬಿದ್ದ ಏಟಿಗೆ ಯಾವ ಶೀರ್ಷಿಕೆಯೂ ಇಲ್ಲ. ಮಹಿಳಾ ಸಂಘದವರು ಪಾನನಿರೋಧ ಕೇಳಿದಾಗಲೆಲ್ಲ ಬಂದ ಪ್ರಶ್ನೆ ಒಂದೇ: ಹಣಕ್ಕೆ ಏನು ಮಾಡೋಣ?

ಈ ಪ್ರಶ್ನೆಗೆ ನೇರ ಉತ್ತರ ಕೊಡಲು ಹೊರಟವರು ರಾಜಾಜಿ. 1937ರಲ್ಲಿ ಮದರಾಸಿನ ಪ್ರಧಾನಿಯಾದಾಗ, ಆಗ ಪ್ರಾಂತದ ಮುಖ್ಯಮಂತ್ರಿಯನ್ನು ಹಾಗೆಯೇ ಕರೆಯುತ್ತಿದ್ದರು, ಹಣಕಾಸನ್ನೂ ಅವರೇ ಇಟ್ಟುಕೊಂಡರು. ಆ ವರ್ಷದ ಅಕ್ಟೋಬರ್ 1ರಂದು ತಮ್ಮ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದರು. ಮುಂದೆ ಚಿತ್ತೂರು, ಕಡಪ, ಉತ್ತರ ಆರ್ಕಾಟ್ ಜಿಲ್ಲೆಗಳಿಗೆ ವಿಸ್ತರಿಸಿದರು. ಖಜಾನೆಗೆ ಬಿದ್ದ ತೂತು ಮುಚ್ಚಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಎಂಬ ಹೊಸ ತೆರಿಗೆ ಹಾಕಿದರು. ವ್ಯಾಪಾರಿಯ ಒಟ್ಟು ವಹಿವಾಟಿನ ಮೇಲೆ ಶೇಕಡಾ ಒಂದಕ್ಕಿಂತಲೂ ಕಡಿಮೆ. ಇಂಥ ತೆರಿಗೆ ಭಾರತದಲ್ಲಿ ಇದೇ ಮೊದಲು. ವರ್ತಕರು ಗಲಾಟೆ ಮಾಡಿದರು. ಇಷ್ಟು ಚಿಕ್ಕ ಬೀಜ ಇಷ್ಟು ದೊಡ್ಡ ಮರವಾಗುತ್ತದೆ ಎಂದು ಅವತ್ತು ಯಾರಿಗೆ ಗೊತ್ತಿತ್ತು? ಒಂದೊಂದೇ ಪ್ರಾಂತ ಇದನ್ನು ಅನುಸರಿಸಿತು. ಇವತ್ತು ಸೋಪಿಗೂ ಹಾಲಿನ ಪುಡಿಗೂ ನಾವು ಕಟ್ಟುವ ಜಿಎಸ್‌ಟಿಯ ಅಜ್ಜಿ ಎಂದರೆ ಈ ಮದರಾಸಿನ ಮಾರಾಟ ತೆರಿಗೆ.

ಆಗಿನ ವಾದ ಸರಳವಾಗಿತ್ತು. ಬಡವನ ಕುಡಿತದಿಂದ ಬರುವ ಹಣವನ್ನು ಬಿಟ್ಟುಬಿಡೋಣ, ಅದರ ಬದಲು ಎಲ್ಲರೂ ಕೊಳ್ಳುವ ವಸ್ತುಗಳ ಮೇಲೆ ಒಂದಿಷ್ಟು ಹಂಚಿಕೊಳ್ಳೋಣ. ಅಂದರೆ ಸಮಾಜಕ್ಕೂ ಸರ್ಕಾರಕ್ಕೂ ನಡುವೆ ಒಂದು ಒಪ್ಪಂದ. ನಾವು ತೆರಿಗೆ ಕೊಡುತ್ತೇವೆ, ನೀವು ಹೆಂಡದಂಗಡಿ ಮುಚ್ಚಿ.

ಒಪ್ಪಂದ ಉಳಿಯಲಿಲ್ಲ. ಯುದ್ಧದ ಕಾಲದಲ್ಲಿ ಮಂತ್ರಿಮಂಡಲ ಇಲ್ಲದಾಗ ಪಾನನಿರೋಧವನ್ನು ಅಮಾನತಿನಲ್ಲಿಟ್ಟರು. ಮಾರಾಟ ತೆರಿಗೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಸ್ವಾತಂತ್ರ್ಯದ ನಂತರ, 1948ರ ಹೊತ್ತಿಗೆ, ಇಡೀ ಪ್ರಾಂತದಲ್ಲಿ ಪಾನನಿರೋಧ ಬಂತು. 1971ರ ಆಗಸ್ಟ್ 30ರಂದು ಕರುಣಾನಿಧಿ ಸರ್ಕಾರ ಅದನ್ನು ತೆಗೆಯಿತು. 92 ವರ್ಷದ ರಾಜಾಜಿ ಸ್ವತಃ ಮುಖ್ಯಮಂತ್ರಿಯ ಮನೆಗೆ ಹೋಗಿ ಬೇಡ ಎಂದು ಕೇಳಿಕೊಂಡರೂ ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ಸರ್ಕಾರ ಮತ್ತೆ ನಿಷೇಧ ತಂದಿತು. 1981ರಲ್ಲಿ ಎಂಜಿಆರ್ ಸರ್ಕಾರ ಅಂಗಡಿಗಳನ್ನು ಪುನಃ ತೆರೆಯಿತು. ನಿಷೇಧ ಬಂದು ಹೋಗಿ ಮಾಡಿತು, ತೆರಿಗೆ ಒಂದು ದಿನವೂ ರಜೆ ಹಾಕಲಿಲ್ಲ.

ಊಟ ಮತ್ತೆ ಬಂತು

1925ರಲ್ಲಿ ನಿಂತ ಆ ಒಂದು ಆಣೆಯ ಊಟಕ್ಕೆ ಏನಾಯಿತು?

1953ರಲ್ಲಿ ಮತ್ತೆ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರೇ ಹಣವಿಲ್ಲದ ಕಾಲದಲ್ಲಿ ಹೆಚ್ಚು ಮಕ್ಕಳಿಗೆ ಶಾಲೆ ಕೊಡಲು ಅರ್ಧ ದಿನದ ಪಾಳಿ ಯೋಜನೆ ತಂದರು. ಉಳಿದ ಅರ್ಧ ದಿನ ಮಕ್ಕಳು ಹೆತ್ತವರ ಕಸುಬು ಕಲಿಯಲಿ ಎಂದರು. ಅದು ಕುಲಕಸುಬಿಗೆ ಕಟ್ಟಿಹಾಕುವ ಯೋಜನೆ ಎಂದು ದೊಡ್ಡ ವಿರೋಧ ಬಂತು. 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿಯಾದ ಮೇಲೆ ಅದನ್ನು ಕೈಬಿಟ್ಟರು. ಖಜಾನೆ ಅದೇ, ಕೊರತೆಯೂ ಅದೇ. ಆದರೆ ಕಾಮರಾಜ್ ಕೇಳಿದ ಪ್ರಶ್ನೆ ಬೇರೆ. ಮಗು ಶಾಲೆಗೆ ಬರದಿರುವುದಕ್ಕೆ ಕಾರಣ ಹಸಿವಾದರೆ, ಶಾಲೆಯ ಖರ್ಚಿನ ಮೊದಲ ಸಾಲು ಅನ್ನ ಆಗಬೇಡವೇ?

1956ರಲ್ಲಿ ಎಟ್ಟಯಪುರದಲ್ಲಿ ಮಧ್ಯಾಹ್ನದ ಊಟದ ಯೋಜನೆ ಶುರುವಾಯಿತು. ಒಂದು ಊಟಕ್ಕೆ 10 ಪೈಸೆ ಎಂದು ಲೆಕ್ಕ ಹಾಕಿ, 6 ಪೈಸೆ ಸರ್ಕಾರದ್ದು, 4 ಪೈಸೆ ಊರಿನವರದ್ದು ಎಂದು ಹಂಚಿದರು. ಹಣಕಾಸು ಮತ್ತು ಶಿಕ್ಷಣ ಎರಡೂ ಖಾತೆಗಳು ಸಿ. ಸುಬ್ರಮಣ್ಯಂ ಒಬ್ಬರ ಬಳಿಯೇ ಇದ್ದದ್ದು ಅನುಕೂಲವಾಯಿತು. ಉಗ್ರಾಣದ ಬೀಗ ಕೊನೆಗೂ ಅಡುಗೆಮನೆಯವರ ಕೈಗೆ ಬಂತು ಎನ್ನೋಣ! 31 ವರ್ಷಗಳ ಹಿಂದೆ ಶಿಕ್ಷಣದ ಖರ್ಚಲ್ಲ ಎನಿಸಿಕೊಂಡ ಅನ್ನಕ್ಕೆ ಸರ್ಕಾರದ ಪುಸ್ತಕದಲ್ಲಿ ಜಾಗ ಸಿಕ್ಕಿತು.

ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಂದ ಮುಂದೆ ನಮ್ಮ ದಾರಿ ಬೇರೆ. ನನ್ನ ಅಮ್ಮನ ತಲೆಮಾರಿನವರಿಗೆ ಶಾಲೆಯ ಊಟ ಎಂದರೆ ಅಮೆರಿಕದ ಕೇರ್ ಸಂಸ್ಥೆಯಿಂದ ಬರುತ್ತಿದ್ದ ಗೋಧಿ ರವೆಯ ಸಜ್ಜಿಗೆ ಮತ್ತು ಹಾಲಿನ ಪುಡಿಯ ಹಾಲು. ನಿಮ್ಮಲ್ಲಿ ಅನೇಕರು ಅದನ್ನು ಉಪ್ಪಿಟ್ಟು ಎಂದು ನೆನಪಿಸಿಕೊಳ್ಳಬಹುದು. ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟ, ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ, ಬಂದದ್ದು 2002ರಲ್ಲಿ, ಅದೂ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಆದೇಶ ಕೊಟ್ಟ ಮೇಲೆ. ನಾನು ಪ್ರಾಥಮಿಕ ಶಾಲೆಯನ್ನು ಮುಗಿಸಿದ್ದು ಅದಕ್ಕೂ ಮುಂಚೆ. ನನ್ನ ತರಗತಿಯಲ್ಲಿ ಮಧ್ಯಾಹ್ನ ಬುತ್ತಿ ತರದೆ 'ಹಸಿವಿಲ್ಲ' ಎನ್ನುತ್ತಿದ್ದ ಹುಡುಗಿಯರಿದ್ದರು. ನಮಗಿಂತ 46 ವರ್ಷ ಮೊದಲೇ ಮದರಾಸು ಆ ಮಾತನ್ನು ನಂಬದೆ ಅನ್ನ ಇಟ್ಟಿತ್ತು.

1982ರ ಜುಲೈ 1ರಂದು ಎಂಜಿಆರ್ ಇದನ್ನು ಬಹಳ ದೊಡ್ಡದಾಗಿ ಬೆಳೆಸಿ, ಹಳ್ಳಿಗಳ ಎರಡು ವರ್ಷದ ಕೂಸಿನಿಂದ ಹಿಡಿದು ಪ್ರಾಥಮಿಕ ಶಾಲೆಯ ಮಕ್ಕಳವರೆಗೆ ಎಲ್ಲರಿಗೂ ಪೌಷ್ಟಿಕ ಊಟ ಎಂದರು. ಅಡುಗೆಗೆ, ಬಡಿಸುವುದಕ್ಕೆ, ಲೆಕ್ಕ ಇಡುವುದಕ್ಕೆ ಸಾವಿರಾರು ಹೆಂಗಸರಿಗೆ, ಅದರಲ್ಲೂ ಗಂಡನನ್ನು ಕಳೆದುಕೊಂಡವರಿಗೆ, ಕೆಲಸ ಸಿಕ್ಕಿತು. ಇಷ್ಟು ಖರ್ಚಿಗೆ ದುಡ್ಡೆಲ್ಲಿ ಎಂದು ಅವತ್ತೂ ಕೇಳಿದರು.

ಈಗ ಮೂರು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1981: ಹೆಂಡದಂಗಡಿ ಮತ್ತೆ ತೆರೆಯಿತು. 1982: ಮಕ್ಕಳಿಗೆ ಊಟ ಬಂತು. 1983: ಮದ್ಯದ ಸಗಟು ವ್ಯಾಪಾರಕ್ಕೆ ಸರ್ಕಾರವೇ ಟಾಸ್ಮಾಕ್ ಕಂಪನಿ ಕಟ್ಟಿತು. 2003ರಲ್ಲಿ ಬೀದಿಯ ಚಿಲ್ಲರೆ ಅಂಗಡಿಯೂ ಅದರದ್ದೇ ಆಯಿತು. ಈ ರೂಪಾಯಿ ಆ ಊಟಕ್ಕೇ ಹೋಯಿತು ಎಂದು ನಾನು ಹೇಳುತ್ತಿಲ್ಲ. ಸರ್ಕಾರದ ಆದಾಯವೆಲ್ಲ ಸಂಚಿತ ನಿಧಿ ಎಂಬ ಒಂದೇ ಹೊಳೆಗೆ ಬೀಳುತ್ತದೆ. ಹೊಳೆಯಲ್ಲಿ ಯಾವ ತೊರೆಯ ನೀರು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಬೇರ್ಪಡಿಸಲು ಬರುವುದಿಲ್ಲ ಎಂಬುದೇ ಸರ್ಕಾರಗಳಿಗೆ ನೆಮ್ಮದಿ.

ಇವತ್ತಿನ ಲೆಕ್ಕ

ಈಗಿನ ಅಂಕಿಗಳನ್ನು ನೋಡೋಣ. ತಮಿಳುನಾಡಿನಲ್ಲಿ 2021ರ ಮೇಯಿಂದ ಸಾಮಾನ್ಯ ದರದ ಸಿಟಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. 2022ರ ಸೆಪ್ಟೆಂಬರ್ 15ರಂದು ಶಾಲೆಗಳಲ್ಲಿ ಬೆಳಗಿನ ತಿಂಡಿಯೂ ಶುರುವಾಯಿತು, 2024–25ರಲ್ಲಿ ಅದಕ್ಕೆ ಇಟ್ಟದ್ದು 600 ಕೋಟಿ. 2023ರ ಸೆಪ್ಟೆಂಬರ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ 1,000 ರೂಪಾಯಿಯ ಹಕ್ಕಿನ ಹಣ, 2024–25ರ ಹೊತ್ತಿಗೆ ಸುಮಾರು 1.15 ಕೋಟಿ ಮಹಿಳೆಯರಿಗೆ. 2024–25ರಲ್ಲಿ ಅದಕ್ಕೆ ಇಟ್ಟದ್ದು 13,720 ಕೋಟಿ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ, ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ. 2024–25ರ ಬಜೆಟ್ಟಿನಲ್ಲಿ ಗೃಹಲಕ್ಷ್ಮಿಗೆ 28,608 ಕೋಟಿ.

ಈ ಹಣವನ್ನು ಬಿಟ್ಟಿ ಭಾಗ್ಯ ಎಂದು ಆಫೀಸಿನ ಊಟದ ಮೇಜಿನಲ್ಲಿ ಹಗುರವಾಗಿ ಮಾತಾಡುವವರನ್ನು ನಾನು ಕೇಳಿದ್ದೇನೆ. ನನಗೆ ಆ ಮಾತು ಹಿಡಿಸುವುದಿಲ್ಲ. ಸಂಬಳವಿಲ್ಲದೆ ಮನೆ ನಡೆಸಿದ ತಲೆಮಾರುಗಳ ಹೆಂಗಸರ ಹೆಸರಿನಲ್ಲಿ ಒಂದು ಲೆಕ್ಕ ಶೀರ್ಷಿಕೆ ಬರುವುದಕ್ಕೆ ನೂರು ವರ್ಷ ಬೇಕಾಯಿತು.

ಆದರೆ ಪಕ್ಕದ ಪುಟವನ್ನೂ ಓದಬೇಕು. 2023–24ರಲ್ಲಿ ತಮಿಳುನಾಡಿಗೆ ಮದ್ಯದಿಂದ ಬಂದ ಆದಾಯ 45,800 ಕೋಟಿ ರೂಪಾಯಿಗೂ ಹೆಚ್ಚು. ಕರ್ನಾಟಕ 2024–25ಕ್ಕೆ ಅಬಕಾರಿಯಿಂದ ಇಟ್ಟುಕೊಂಡ ಗುರಿ 38,525 ಕೋಟಿ. 2007ರ ಜುಲೈನಲ್ಲಿ ಕರ್ನಾಟಕ ಸಾರಾಯಿ ನಿಲ್ಲಿಸಿತು. ಹಳ್ಳಿಯ ಹೆಂಗಸರು ಎಷ್ಟೋ ವರ್ಷ ಬೀದಿಗಿಳಿದು ಕೇಳಿದ್ದು ಅದು. ಆದರೂ ಅಬಕಾರಿಯ ಗುರಿ ವರ್ಷವರ್ಷ ಮೇಲಕ್ಕೇ ಹೋಗಿದೆ. ಎರಡೂ ರಾಜ್ಯಗಳಲ್ಲಿ ಯಜಮಾನಿಯ ಕೈಗೆ ಕೊಡುವುದಕ್ಕಿಂತ ಮದ್ಯದಿಂದ ಬರುವುದು ಹೆಚ್ಚು.

ಇದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ಹೆಚ್ಚಿನ ವಸ್ತುಗಳ ತೆರಿಗೆಯನ್ನು ರಾಜ್ಯಗಳು ತಮ್ಮಷ್ಟಕ್ಕೆ ಏರಿಳಿಸುವಂತಿಲ್ಲ. ಕುಡಿಯುವ ಮದ್ಯ ಮತ್ತು ಪೆಟ್ರೋಲ್ ಅದರ ಹೊರಗೆ ಉಳಿದವು. ಹಣ ಬೇಕಾದಾಗ ರಾಜ್ಯದ ಕೈಗೆ ಸಿಗುವ ಕೆಲವೇ ಹಿಡಿಗಳಲ್ಲಿ ಮದ್ಯ ಒಂದು. ಮದ್ಯದ ಬದಲಿಗೆಂದು ರಾಜಾಜಿ ತಂದ ತೆರಿಗೆಯ ಮೊಮ್ಮಗಳೇ ಇವತ್ತು ರಾಜ್ಯಗಳನ್ನು ಮದ್ಯದ ಕಡೆಗೆ ತಳ್ಳುತ್ತಿದ್ದಾಳೆ!

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ತಮಿಳರು. ಅವರ ಮಗ ಕಾರ್ಪೊರೇಷನ್ ಶಾಲೆಯಲ್ಲಿ ಬೆಳಿಗ್ಗೆ ಪೊಂಗಲ್, ಮಧ್ಯಾಹ್ನ ಅನ್ನ ಮೊಟ್ಟೆ ತಿನ್ನುತ್ತಾನೆ. ಅಕ್ಕ ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಬರುತ್ತಾರೆ. ತಿಂಗಳ ಮಧ್ಯದಲ್ಲಿ ಸಾವಿರ ರೂಪಾಯಿ ಬಂದ ಮೆಸೇಜನ್ನು ನನ್ನಿಂದ ಓದಿಸಿ ಖಾತ್ರಿ ಮಾಡಿಕೊಳ್ಳುತ್ತಾರೆ. ಗಂಡ ಟಾಸ್ಮಾಕಿನಲ್ಲಿ ಕಳೆಯುವುದು ಎಷ್ಟು ಎಂದು ಒಮ್ಮೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ದಿನಕ್ಕೆ ನೂರೈವತ್ತು, ತಿಂಗಳಿಗೆ ಇಪ್ಪತ್ತು ದಿನ ಎಂದು ಹಿಡಿದರೂ ಮೂರು ಸಾವಿರ. ಅದರಲ್ಲಿ ಹೆಚ್ಚಿನದು ತೆರಿಗೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಕೊಡುತ್ತಿರುವುದು ನಾನೇ ಅಲ್ಲವಾ' ಎಂದರು. ಎಂ.ಟೆಕ್. ಓದಿದ ನನಗೆ ಇದಕ್ಕಿಂತ ಚೆನ್ನಾಗಿ ಬಜೆಟ್ ವಿವರಿಸಲು ಬರುವುದಿಲ್ಲ.

ಏನು ಕೇಳೋಣ?

ನಾಳೆಯೇ ಮದ್ಯ ನಿಲ್ಲಿಸಿ ಎಂದು ಕೂಗುವುದು ಸುಲಭ. ನಿಷೇಧ ಇದ್ದ ಕಾಲದಲ್ಲೂ ಕಳ್ಳಭಟ್ಟಿ ಇತ್ತು, ಅದನ್ನು ಕುಡಿದು ಸತ್ತವರೂ ಇದ್ದರು. ಇತಿಹಾಸ ನನಗೆ ಕಲಿಸಿದ್ದು ಅದಕ್ಕಿಂತ ಸಣ್ಣದಾದ, ಆದರೆ ಮಾಡಲು ಬರುವಂಥ ಪಾಠ. ತ್ಯಾಗರಾಯ ಚೆಟ್ಟಿಯವರ ಊಟ ನಿಂತದ್ದು ಶೀರ್ಷಿಕೆ ಇಲ್ಲದ್ದರಿಂದ. ಮುತ್ತುಲಕ್ಷ್ಮಿ ರೆಡ್ಡಿಯವರು ಗೆದ್ದಷ್ಟು ಗೆದ್ದದ್ದು ಶೀರ್ಷಿಕೆಯನ್ನು ಹೆಸರು ಹಿಡಿದು ಕೇಳಿದ್ದರಿಂದ. ಕೇಳುವವರು ಇದ್ದಲ್ಲಿ ಅಂಕಿ ಬದಲಾಗುತ್ತದೆ.

ಇವತ್ತು ಕೇಳುವುದಕ್ಕೆ ಕೋಟೆಯೊಳಗೆ ನಾಮಕರಣವಾಗಬೇಕಿಲ್ಲ. ಎರಡೂ ರಾಜ್ಯಗಳ ಬಜೆಟ್ ದಾಖಲೆಗಳು ಹಣಕಾಸು ಇಲಾಖೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಕರ್ನಾಟಕ 2007–08ರಿಂದ ಮಹಿಳೆಯರಿಗಾಗಿ ಮಾಡುವ ಖರ್ಚಿನ ಪ್ರತ್ಯೇಕ ಪುಸ್ತಕವನ್ನೇ ಬಜೆಟ್ ಜೊತೆ ಕೊಡುತ್ತಿದೆ. ಆದರೆ ಅದು ವ್ಯಯದ ಪುಸ್ತಕ. ಯಾವ ಆದಾಯ ಯಾವ ಮನೆಯಿಂದ, ಯಾರ ಕಣ್ಣೀರಿನಿಂದ ಬಂತು ಎಂಬ ಆಯದ ಪುಸ್ತಕವನ್ನು ಯಾವ ಸರ್ಕಾರವೂ ಇನ್ನೂ ಬರೆದಿಲ್ಲ. ಆ ಪುಸ್ತಕ ಬೇಕು ಎಂದು ಕೇಳುವುದು ಪಕ್ಷ ರಾಜಕೀಯವಲ್ಲ. ಮದ್ಯದ ಆದಾಯ ಇಷ್ಟು, ಅದರಿಂದ ಕುಡಿತ ಬಿಡಿಸುವ ಕೇಂದ್ರಗಳಿಗೆ ಇಷ್ಟು, ಏಟು ತಿಂದ ಹೆಂಗಸರ ಆಶ್ರಯಕ್ಕೆ ಇಷ್ಟು ಎಂದು ಒಂದೇ ಪುಟದಲ್ಲಿ ಬರೆಯಿರಿ ಎಂದು ಕೇಳಬಹುದು.

ನಮ್ಮ ವೇದಿಕೆಯ ಹೆಂಗಸರಲ್ಲಿ ಲೆಕ್ಕಪರಿಶೋಧಕರಿದ್ದಾರೆ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ನನ್ನಂಥ ಕಂಪ್ಯೂಟರಿನವರಂತೂ ಬೇಕಾದಷ್ಟು. ಮಾರ್ಚ್‌ನಲ್ಲಿ ಮಹಿಳಾ ದಿನಾಚರಣೆ ಬರುವುದೂ ರಾಜ್ಯಗಳ ಬಜೆಟ್ ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಮುಂದಿನ ಮಾರ್ಚ್‌ನಲ್ಲಿ ರಂಗೋಲಿ ಸ್ಪರ್ಧೆ, ಅಂತ್ಯಾಕ್ಷರಿಯ ಜೊತೆಗೆ ಒಂದು ಗಂಟೆ ಎರಡೂ ರಾಜ್ಯಗಳ ಬಜೆಟ್ ಪುಸ್ತಕಗಳನ್ನು ಪಕ್ಕಪಕ್ಕ ತೆರೆದು ಓದೋಣ. ಎಡಗಡೆಯ ಆಯದ ಪುಟದಿಂದಲೇ ಶುರು ಮಾಡೋಣ.